ಒಂದು ಕರಟ ಬಲಕ್ಕೆ

ನಮ್ಮ ಮನೆಯವರು ನನ್ನ ಬಗ್ಗೆ ಹೇಳುವ ಕಥೆ ಒಂದೇ ಒಂದು. ನಾನು ಜಾಲಹಳ್ಳಿಯ ವಾಚ್ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಸಾಸಿವೆಗಿಂತ ಸಣ್ಣ ಸ್ಕ್ರೂಗಳಲ್ಲಿ ತಪ್ಪು ಹುಡುಕುವುದೇ ನನ್ನ ಕೆಲಸವಾಗಿತ್ತು. ಅದು ಕಥೆಯಲ್ಲ. ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದೆ, ಸ್ವಂತ ಸಂಪಾದನೆಯಲ್ಲಿ ಮನೆ ಕಟ್ಟಿದೆ. ಅದೂ ಅಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ, ಆಯುಧಪೂಜೆಯ ಬೆಳಿಗ್ಗೆ, ಅಪ್ಪನ ರೈಫಲ್ಲನ್ನು ಬೀಳಿಸಿದೆ. ಇದೇ ಕಥೆ. ಮದುವೆಯಿರಲಿ ತಿಥಿಯಿರಲಿ, ನಾಲ್ಕು ಜನ ನೆಂಟರು ಸೇರಿದರೆ ಸಾಕು, ಊಟ ಮುಗಿದು ಎಲೆಅಡಿಕೆ ತಟ್ಟೆ ಬರುವ ಹೊತ್ತಿಗೆ ಅಪ್ಪ ಶುರು ಮಾಡುತ್ತಾನೆ.

“ಇವ್ಳು ಬೀಳಿಸಿದ್ ಮ್ಯಾಲೆ ಅದು ಎಡಕ್ಕೇ ಒಡೀತದೆ ಕಣಪ್ಪ.”

ಎಲ್ಲರೂ ನನ್ನ ಕಡೆ ತಿರುಗಿ ನಗುತ್ತಾರೆ. ನಾನೂ ಹಲ್ಲು ಕಿರಿಯಬೇಕು. ನಲವತ್ತೆಂಟು ವರ್ಷ ಕಿರಿದಿದ್ದೇನೆ.

ಬೇಟೆಗೆ ಕಾನೂನಿನ ತಡೆ ಬರುವ ಮೊದಲು ಅಪ್ಪ ಬಾಗಲೂರಿನ ಸುತ್ತಮುತ್ತ ಮೊಲ, ಗೌಜಲಕ್ಕಿ ಹೊಡೆಯುತ್ತಿದ್ದನಂತೆ. ತಡೆ ಬಂದ ಮೇಲೆ ರೈಫಲ್ಲು ಗೋಡೆ ಸೇರಿತು, ಲೈಸೆನ್ಸು ಮಾತ್ರ ತಪ್ಪದೆ ನವೀಕರಣವಾಗುತ್ತಿತ್ತು. ವರ್ಷಕ್ಕೊಮ್ಮೆ, ವಿಜಯದಶಮಿಯ ದಿನ, ನಮ್ಮ ದ್ರಾಕ್ಷಿ ತೋಟದ ಕೊನೆಯಲ್ಲಿ ಮಣ್ಣಿನ ದಿಬ್ಬದ ಮುಂದೆ ಒಂದು ತೆಂಗಿನ ಕರಟ ಕಟ್ಟಿ, ಅಪ್ಪ ನೆಂಟರೆದುರು ಗುರಿಯಿಟ್ಟು ಹೊಡೆಯುತ್ತಿದ್ದ. ಆ ವರ್ಷ, ಹಿಂದಿನ ದಿನದ ಪೂಜೆಗೆ ರೈಫಲ್ಲನ್ನು ಎತ್ತಿಕೊಂಡು ಹೋಗಿ ದೇವರ ಮುಂದಿಡುವ ಕೆಲಸ ನನಗೆ ಬಿತ್ತು. ಅದೇ ತಾನೇ ಸಾರಿಸಿದ್ದ ನೆಲ. ಕಾಲು ಜಾರಿತು, ರೈಫಲ್ಲು ಹೊಸ್ತಿಲ ಮೇಲೆ ಬಿತ್ತು. ಮಾರನೆಯ ದಿನ ಅಪ್ಪನ ಮೂರು ಗುಂಡುಗಳೂ ಕರಟದ ಎಡಕ್ಕೆ ಹೋದವು. ನಾಲ್ಕನೆಯ ಸಲ ಒಂದು ಕರಟದಗಲ ಬಲಕ್ಕೆ ಗುರಿ ಹಿಡಿದು ಹೊಡೆದ. ಕರಟ ಪುಡಿಯಾಯಿತು. ನನ್ನ ತಲೆಯ ಮೇಲೆ ಗೂಬೆ ಬಂದು ಕೂತದ್ದು ಆವತ್ತು. ಆಮೇಲೆ ನನ್ನನ್ನು ಆ ರೈಫಲ್ಲಿನ ಹತ್ತಿರ ಬಿಡಲಿಲ್ಲ. ಪ್ರತಿ ಆಯುಧಪೂಜೆಗೂ ಅಣ್ಣನೇ ಎತ್ತಿಕೊಂಡು ಹೋಗುತ್ತಿದ್ದ, ನಾನು ಅರಿಶಿನ ಕುಂಕುಮದ ತಟ್ಟೆ ಹಿಡಿದು ಹಿಂದೆ ನಿಲ್ಲುತ್ತಿದ್ದೆ.

ಹೋದ ಬೇಸಿಗೆಯಲ್ಲಿ ಅಣ್ಣನ ಫೋನು ಬಂತು. ಅಣ್ಣ ಬಿಲ್ಡರ್. ಆ ದ್ರಾಕ್ಷಿ ತೋಟದ ಮೇಲೆ ಈಗ ಅವನದೇ ನಾಲ್ಕು ಅಂತಸ್ತಿನ ಕಟ್ಟಡ ನಿಂತಿದೆ. ಮನೆ ಅಟ್ಟೂರಿನಲ್ಲಿ, ಅಪ್ಪ ಅವನ ಜೊತೆಗಿದ್ದಾನೆ. ಲೈಸೆನ್ಸಿನಲ್ಲಿ ಅಪ್ಪನ ಜೊತೆ ಅಣ್ಣನ ಹೆಸರೂ ಇದೆ. ಯಲಹಂಕದಾಚೆಯ ಒಂದು ಶೂಟಿಂಗ್ ಕ್ಲಬ್ಬಿನಲ್ಲಿ ಸದಸ್ಯತ್ವವನ್ನೂ ಮಾಡಿಸಿಕೊಂಡಿದ್ದಾನೆ. ಅಪ್ಪನಿಗೆ ಎಂಬತ್ತಾರು. ಪೊರೆ ತೆಗೆಸಿದ ಮೇಲೆ ದೂರದ್ದು ಚೆನ್ನಾಗಿ ಕಾಣುತ್ತದೆ, ಹತ್ತಿರದ್ದು ಮಸುಕು. ನಳಿಗೆಯ ತುದಿಯಲ್ಲಿರುವ ಗುರಿಯ ಮಣಿಯೇ ಕಾಣುವುದಿಲ್ಲ ಎಂದು ಗೊಣಗುತ್ತಿದ್ದನಂತೆ. ಅದಕ್ಕೆ ಅಣ್ಣ ಆನ್‌ಲೈನಿನಲ್ಲಿ ಒಂದು ಸ್ಕೋಪು, ಗುರಿ ನೋಡುವ ದುರ್ಬೀನು, ತರಿಸಿ ರೈಫಲ್ಲಿನ ಮೇಲೆ ತಾನೇ ಕೂರಿಸಿದ್ದ.

“ಮೂರು ಭಾನುವಾರ ಆಯ್ತು ಕಣೇ. ಒಂದು ಗುಂಡು ಆಕಾಶಕ್ಕೆ, ಒಂದು ಪಾತಾಳಕ್ಕೆ. ಬ್ಯಾರಲ್ಲೇ ಬಗ್ಗೋಗಿದೆ, ಬಿಡು.”

“ಯಾರು ಹೇಳಿದ್ದು?”

“ಯಾರು ಹೇಳ್ಬೇಕು? ನೀನು ಬೀಳ್ಸಿದ್ಯಲ್ಲ. ಅಪ್ಪಾನೂ ಸಾಕು ಅಂತಿದಾನೆ. ಮುಂದಿನ್ ವಾರ ಸ್ಟೇಷನ್‌ಗೆ ಒಪ್ಪಿಸ್ಬಿಡ್ತೀನಿ. ಎಲೆಕ್ಷನ್ ಬಂದಾಗೆಲ್ಲ ತಗೊಂಡೋಗಿ ಇಡೋದು, ತರೋದು. ತಲೆನೋವು ತಪ್ಪುತ್ತೆ.”

ನನಗೆ ಮೈಯೆಲ್ಲ ಉರಿದುಹೋಯಿತು. ರೈಫಲ್ಲು ಹೋದರೆ ಹೋಗಲಿ, ಅದನ್ನು ಕಟ್ಟಿಕೊಂಡು ನನಗೇನು? ಆದರೆ ಅದು ಸ್ಟೇಷನ್ನಿನ ಕೋಣೆ ಸೇರಿದರೆ ‘ಬಗ್ಗಿದ ನಳಿಗೆ’ ಎಂಬ ಮಾತು ನನ್ನ ಹೆಸರಿನ ಮುಂದೆ ಶಾಶ್ವತವಾಗಿ ಉಳಿಯುತ್ತದೆ. ನಳಿಗೆಯೇ ಕಣ್ಮುಂದೆ ಇಲ್ಲದಿದ್ದರೆ ಅದು ಬಗ್ಗಿಲ್ಲ ಅಂತ ತೋರಿಸುವುದು ಹೇಗೆ? ಅಪ್ಪನಿಗೆ ಎಂಬತ್ತಾರಾಗಿದೆ ಎಂಬುದೂ ಅದೇ ಹೊತ್ತಿಗೆ ತಲೆಗೆ ಬಂತು. ಅವನ ಬಾಯಿಂದಲೇ ಆ ಮಾತು ವಾಪಸು ಬರಬೇಕಿತ್ತು, ಬೇರೆ ಯಾರು ಹೇಳಿದರೂ ನನಗೆ ಪ್ರಯೋಜನವಿರಲಿಲ್ಲ.

“ಭಾನುವಾರ ಬರ್ತೀನಿ, ಅಲ್ಲೀವರೆಗೂ ಅದನ್ನ ಮುಟ್ಬೇಡ,” ಎಂದು ಫೋನಿಟ್ಟೆ.

ಭಾನುವಾರ ಬೆಳಿಗ್ಗೆ ನನ್ನ ಹಳೆಯ ಟೂಲ್ ಡಬ್ಬಿ ಹಿಡಿದು ಅಟ್ಟೂರಿಗೆ ಹೋದೆ. ಮೊದಲು ಗುಂಡು ಇಲ್ಲ ಅನ್ನುವುದನ್ನು ಎರಡು ಸಲ ನೋಡಿಕೊಂಡು, ರೈಫಲ್ಲನ್ನು ಟೇಬಲ್ಲಿನ ಮೇಲಿಟ್ಟು ಸ್ಕೋಪನ್ನು ಬೆರಳಲ್ಲಿ ಅಲ್ಲಾಡಿಸಿದೆ. ಅಲ್ಲಾಡಿತು. ಸ್ಕ್ರೂಗಳ ಸುತ್ತ ಹಳದಿ ಬಣ್ಣದ ಏನೋ ಗಟ್ಟಿಯಾಗಿ ಮೆತ್ತಿಕೊಂಡಿತ್ತು.

“ಏನಿದು?”

“ಸ್ಕ್ರೂ ಸಡಿಲ ಆಗ್ತಿತ್ತು. ಬಾತ್‌ರೂಮ್ ಪೈಪಿಗೆ ಹಾಕ್ತೀವಲ್ಲ, ಆ ಅಂಟು ಹಾಕ್ದೆ. ನೀರೇ ಲೀಕ್ ಆಗಲ್ಲ ಕಣೇ.”

ಈ ಮನುಷ್ಯ ಕಟ್ಟಿದ ಕಟ್ಟಡಗಳಲ್ಲಿ ಜನ ಮಲಗುತ್ತಿದ್ದಾರೆ ಎಂದುಕೊಂಡೆ. ಬಾಯಿಬಿಟ್ಟು ಹೇಳಿಯೂ ಹೇಳಿದೆ. ಅವನು ನಕ್ಕು, ಎರಡು ಇಡ್ಲಿ ಹಾಕಿಸಿಕೊಂಡು ಬಂದು ಪಕ್ಕದಲ್ಲಿ ತಿನ್ನುತ್ತಾ ನಿಂತ.

ಅಂಟು ಕೆರೆಯುವುದಕ್ಕೇ ಒಂದು ಗಂಟೆ ಹಿಡಿಯಿತು. ಸ್ಕ್ರೂ ಕೂರುವ ತೂತುಗಳಲ್ಲಿದ್ದ ಎಣ್ಣೆ ಒರೆಸಿದೆ. ಒಂದನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗದೆ, ಕಾರಿನ ಚಕ್ರದ ನಟ್ಟು ಬಿಗಿಯುವ ಹಾಗೆ, ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬಂದೆ. ಸ್ಕೋಪಿನೊಳಗೆ ಕಾಣುವ ಅಡ್ಡ ಗೆರೆ, ಉದ್ದ ಗೆರೆ ಓರೆಯಾಗಿರಬಾರದು. ಓರೆಯಾದರೆ ಮೇಲಕ್ಕೆ ತಿರುಗಿಸಿದ್ದು ಪಕ್ಕಕ್ಕೂ ಹೋಗುತ್ತದೆ. ಅದಕ್ಕೆ ಅಣ್ಣನ ರಸಮಟ್ಟವನ್ನು ರೈಫಲ್ಲಿನ ಮೇಲಿಟ್ಟು, ಗಾರೆಯವರು ಗೋಡೆ ನೆಟ್ಟಗಿದೆಯಾ ಎಂದು ನೋಡುವ ತೂಗುಗುಂಡನ್ನು ಗೇಟಿಗೆ ನೇತುಹಾಕಿಸಿ, ಅದರ ದಾರಕ್ಕೆ ಉದ್ದ ಗೆರೆಯನ್ನು ಸರಿಹೊಂದಿಸಿದೆ. ಕೊನೆಗೆ ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್ ತೆಗೆದು ನಳಿಗೆಯೊಳಗಿಂದ ಕಣ್ಣಿಟ್ಟು, ದೂರದ ಮನೆಯೊಂದರ ನೀರಿನ ಟ್ಯಾಂಕಿನ ಮುಚ್ಚಳ ನಡುವೆ ಬರುವಂತೆ ರೈಫಲ್ಲನ್ನು ಇಟ್ಟಿಗೆಗಳ ಮಧ್ಯೆ ಕೂರಿಸಿ, ಸ್ಕೋಪೂ ಅದೇ ಮುಚ್ಚಳ ತೋರಿಸುವಂತೆ ತಿರುಗಿಸಿದೆ. ನಳಿಗೆಯೊಳಗೆ ಬೆಳಕಿನ ಬಳೆಗಳು ಒಂದರೊಳಗೊಂದು ದುಂಡಗೆ ಕಂಡವು. ಬಗ್ಗಿದ ನಳಿಗೆಯಲ್ಲಿ ಹಾಗೆ ಕಾಣುವುದಿಲ್ಲ.

“ಇದು ಬಗ್ಗಿಲ್ಲ,” ಎಂದೆ.

ಒಳಗಿನಿಂದ ಅಪ್ಪನ ದನಿ ಬಂತು: “ಕಣ್ಣಿಗ್ ಕಾಣಾಕಿಲ್ಲ ಕಣವ್ವ. ಒಡುದ್ರೇ ಗೊತ್ತಾಗಾದು.”

ಮೂವರೂ ಶೂಟಿಂಗ್ ಕ್ಲಬ್ಬಿನ ರೇಂಜಿಗೆ ಹೊರಟೆವು. ಅಪ್ಪ ಮುಂದಿನ ಸೀಟಿನಲ್ಲಿ ಊರುಗೋಲು ಹಿಡಿದು, ನನ್ನ ವಿಚಾರಣೆ ನಡೆಸಲು ಹೊರಟ ಜಡ್ಜಿನ ಗತ್ತಿನಲ್ಲಿ ಕೂತಿದ್ದ. ರೇಂಜಿನ ಮೇಲ್ವಿಚಾರಕ ಸೈನ್ಯದಿಂದ ನಿವೃತ್ತಿಯಾದವರು. ಲೈಸೆನ್ಸು ನೋಡಿ, ಪುಸ್ತಕದಲ್ಲಿ ನನ್ನ ಹೆಸರನ್ನೂ ಬರೆಸಿಕೊಂಡು, ಅಪ್ಪನಿಗೆ ನೆರಳಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದರು. ಐವತ್ತು ಮೀಟರ್ ದೂರದಲ್ಲಿ ಬಿಳಿ ಹಾಳೆ, ನಡುವೆ ಕಪ್ಪು ಚುಕ್ಕೆ.

ಅಣ್ಣ ಮರಳು ಚೀಲದ ಮೇಲೆ ರೈಫಲ್ಲಿಟ್ಟು ಮೂರು ಹೊಡೆದ. ಮೂರೂ ಚುಕ್ಕೆಯ ಬಲಕ್ಕೆ ನಾಲ್ಕಿಂಚು ದೂರದಲ್ಲಿ, ಒಂದರ ಪಕ್ಕ ಒಂದು. ನನಗೆ ಕುಣಿಯಬೇಕೆನಿಸಿತು. ಮೂರು ಗುಂಡು ಮೂರು ದಿಕ್ಕಿಗೆ ಹೋದರೆ ಏನೋ ಸಡಿಲವಿದೆ ಅಂತ. ಒಂದೇ ಕಡೆ ಹೋದರೆ ರೈಫಲ್ಲು ಸರಿಯಿದೆ, ಸ್ಕೋಪನ್ನು ತಿರುಗಿಸಿದರಾಯಿತು. ಸ್ಕೋಪಿನ ಪಕ್ಕದ ತಿರುಪು ಒಂದೊಂದು ಸಲ ಟಿಕ್ ಎಂದಾಗಲೂ ಗುಂಡು ಕಾಲಿಂಚು ಸರಿಯುತ್ತದೆ ಎಂದು ಡಬ್ಬಿಯ ಮೇಲೆ ಬರೆದಿತ್ತು. ನಾಲ್ಕಿಂಚಿಗೆ ಹದಿನಾರು ಟಿಕ್. ತಿರುಗಿಸಿದೆ. ಮುಂದಿನ ಮೂರು ಗುಂಡು ಎರಡೇ ಇಂಚು ಸರಿದು ನಿಂತವು.

ನಾನು ಹಣೆ ಉಜ್ಜಿಕೊಳ್ಳುತ್ತಿದ್ದಾಗ ಅಣ್ಣ ಡಬ್ಬಿ ಎತ್ತಿಕೊಂಡು ಓದಿದ. “ಇದು ನೂರು ಗಜಕ್ಕಲ್ವೇನೇ? ಕಾಲಿಂಚು ಅಂದ್ರೆ ಎರಡು ನೂಲು. ನೂರಕ್ಕೆ ಎರಡು ನೂಲಾದ್ರೆ ಐವತ್ತಕ್ಕೆ ಒಂದೇ ನೂಲು. ಮೂವತ್ತೆರಡು ತಿರುಗ್ಸು.”

ಗಾರೆಯವರ, ಬಡಗಿಗಳ ಲೆಕ್ಕ ಅದು, ಇಂಚಿಗೆ ಎಂಟು ನೂಲು. ಇಂಚನ್ನು ಸಾವಿರ ಪಾಲು ಮಾಡಿ ಅಳೆಯುತ್ತಿದ್ದ ನಾನು ದೂರವನ್ನೇ ಮರೆತಿದ್ದೆ. ಅಣ್ಣನ ಮುಖದಲ್ಲಿ ಆಗ ಮೂಡಿದ ನಗು ಇನ್ನೂ ಆರಿಲ್ಲ. ಸರಿ, ಇನ್ನೂ ಹದಿನಾರು ತಿರುಗಿಸಿದೆ. ಅಣ್ಣ ಹೊಡೆದ. ಗುಂಡು ಚುಕ್ಕೆಯ ನಟ್ಟನಡುವೆ ಕೂತಿತು.

“ಸೂಪರ್!” ಎಂದವನು ಮತ್ತೆ ಎರಡು ಹೊಡೆದ. ಎರಡೂ ಎಡಕ್ಕೆ, ನಾಲ್ಕಿಂಚು.

“ನೋಡ್ದ್ಯಾ? ಮತ್ತೆ ಎಡಕ್ಕೆ!”

ಕುರ್ಚಿಯಿಂದ ಅಪ್ಪ, “ನಾನ್ ಏಳ್ಲಿಲ್ವಾ,” ಎಂದ.

ಸ್ಕ್ರೂಗಳನ್ನು ಮುಟ್ಟಿ ನೋಡಿದೆ, ಕಲ್ಲಿನ ಹಾಗೆ ಬಿಗಿಯಾಗಿದ್ದವು. ಮೂವತ್ತೆರಡು ಟಿಕ್ಕನ್ನೂ ವಾಪಸು ತಿರುಗಿಸಿದೆ. ಅಣ್ಣ ಹೊಡೆದ. ಬಲಕ್ಕೆ ನಾಲ್ಕಿಂಚು. ಬೆಳಿಗ್ಗೆ ಎಲ್ಲಿ ಶುರು ಮಾಡಿದ್ದೆವೋ ಅಲ್ಲಿಗೇ ಬಂದು ನಿಂತಿದ್ದೆವು. ತಲೆಯ ಮೇಲೆ ವಾಯುನೆಲೆಯ ವಿಮಾನವೊಂದು ಕಿವಿ ಕಿತ್ತುಹೋಗುವಂತೆ ಸುತ್ತುತ್ತಿತ್ತು, ಬಿಸಿಲು ಏರುತ್ತಿತ್ತು, ಅಣ್ಣ ಮೊಬೈಲು ತೆಗೆದು ಯಾರಿಗೋ ಸಿಮೆಂಟಿನ ಲಾರಿ ಬಂತಾ ಎಂದು ಕೇಳುತ್ತಿದ್ದ. ನನಗೆ ಮೈ ಪರಚಿಕೊಳ್ಳುವಂತಾಯಿತು. ಮೂವತ್ತನಾಲ್ಕು ವರ್ಷದಲ್ಲಿ ಇಂಥ ಹುಚ್ಚು ಯಂತ್ರವನ್ನು ನಾನು ನೋಡಿರಲಿಲ್ಲ. ಎಲ್ಲ ಬಿಗಿಯಾಗಿದೆ, ಎಲ್ಲ ನೇರವಾಗಿದೆ, ಆದರೂ ಮನಸ್ಸಿಗೆ ಬಂದಾಗ ಬಲಕ್ಕೆ, ಮನಸ್ಸಿಗೆ ಬಂದಾಗ ಎಡಕ್ಕೆ. ಯಂತ್ರಕ್ಕೆ ಮನಸ್ಸು ಇರುವುದಿಲ್ಲ ಎಂಬುದು ಆಮೇಲೆ ಹೊಳೆಯಿತು.

“ಗುರಿ ಎಲ್ಲಿ ಹಿಡೀತಿದೀಯ ನೀನು?” ಎಂದು ಅಣ್ಣನನ್ನು ಕೇಳಿದೆ.

“ಮಾಮೂಲು.”

“ಮಾಮೂಲು ಅಂದ್ರೆ ಚುಕ್ಕೆಗಾ?”

“ಚುಕ್ಕೆಗೆ ಯಾಕ್ ಹಿಡೀಲಿ? ಒಂದು ಕರಟ ಬಲಕ್ಕೆ.” ಎಂಥ ಪ್ರಶ್ನೆ ಕೇಳುತ್ತಾಳೆ ಎಂಬಂತೆ ನನ್ನನ್ನು ನೋಡಿದ. “ಅದು ಎಡಕ್ಕೆ ಹೊಡೆಯುತ್ತಲ್ಲ. ನೀನು ಬೀಳ್ಸಿದ್ಯಲ್ಲ, ಅದಕ್ಕೆ ಅಪ್ಪ ನನಗೆ ಹಂಗೇ ಹೇಳ್ಕೊಟ್ಟಿರೋದು.”

“ಮತ್ತೆ ನಡುವೆ ಬಿದ್ದ ಮೇಲೆ ಎಡಕ್ಕೆ ಹೋಯ್ತಲ್ಲ, ಆಗ?”

“ಆಗ ಸರಿಹೋಯ್ತು ಅಂತ ಚುಕ್ಕೆಗೇ ಹಿಡಿದೆ. ಅದು ನೋಡಿದ್ರೆ ಎಡಕ್ಕೆ ಹೋಯ್ತು. ಅದಕ್ಕೆ ಮತ್ತೆ ಬಲಕ್ಕೆ ಹಿಡಿದೆ.”

ನಾನು ಆಗ ಬಾಯಿಬಿಟ್ಟಿದ್ದರೆ ಮೇಲ್ವಿಚಾರಕರು ನಮ್ಮನ್ನು ಹೊರಗೆ ಹಾಕುತ್ತಿದ್ದರು. ಮೂರು ಭಾನುವಾರ, ಒಂದು ಡಬ್ಬಿ ಗುಂಡು, ನನ್ನ ಅರ್ಧ ದಿನ, ಎಲ್ಲವನ್ನೂ ಈ ಮಹಾರಾಯ ಮಾಮೂಲು ಎನ್ನುವ ಒಂದು ಪದದಲ್ಲಿ ಮುಚ್ಚಿಟ್ಟುಕೊಂಡಿದ್ದ. ಇಲ್ಲದ ರೋಗಕ್ಕೆ ಇವನು ಬಲಕ್ಕೆ ಹಿಡಿದು ಔಷಧಿ ಕೊಡುತ್ತಿದ್ದ, ಅವನ ಔಷಧಿಗೆ ನಾನು ಎಡಕ್ಕೆ ತಿರುಗಿಸಿ ಇನ್ನೊಂದು ಔಷಧಿ ಕೊಡುತ್ತಿದ್ದೆ.

“ಏಳು,” ಎಂದೆ.

ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದಾಗ ಇದೇ ಅಳತೆಯ ರೈಫಲ್ಲಿನಲ್ಲಿ ಹೊಡೆದಿದ್ದೆ. ಆ ವಿಷಯ ಮನೆಯಲ್ಲಿ ಯಾರಿಗೂ ನೆನಪಿಲ್ಲ, ಯಾರೂ ಕೇಳಿಯೂ ಇಲ್ಲ. ಮೇಲ್ವಿಚಾರಕರ ಅನುಮತಿ ಪಡೆದು ಚೀಲದ ಹಿಂದೆ ಕೂತೆ. ಚುಕ್ಕೆಯ ನಡುವೆ ಗೆರೆ ಇಟ್ಟು, ಉಸಿರು ಅರ್ಧ ಬಿಟ್ಟು, ಬೆರಳನ್ನು ಎಳೆಯದೆ ಮೆಲ್ಲಗೆ ಒತ್ತುತ್ತಾ ಹೋದೆ. ಐದು ಗುಂಡು. ಹತ್ತು ರೂಪಾಯಿ ನಾಣ್ಯ ಇಟ್ಟರೆ ಐದು ತೂತೂ ಮುಚ್ಚಿಹೋಗುತ್ತಿದ್ದವು. ಚುಕ್ಕೆಗಿಂತ ಅರ್ಧ ಇಂಚು ಕೆಳಗೆ, ಎಡವೂ ಇಲ್ಲ ಬಲವೂ ಇಲ್ಲ. ನಾಲ್ಕು ನೂಲು ಮೇಲಕ್ಕೆ ತಿರುಗಿಸಿ ಮತ್ತೆರಡು ಹೊಡೆದೆ. ಎರಡೂ ನಡುವೆ ಬಿದ್ದವು. ಮೇಲ್ವಿಚಾರಕರು ದುರ್ಬೀನಿನಲ್ಲಿ ನೋಡಿ, “ಮೇಡಂ, ಇನ್ನು ಮುಟ್ಬೇಡಿ, ಹಂಗೇ ಬಿಡಿ,” ಎಂದರು.

ಆಮೇಲೆ ಅಣ್ಣನನ್ನು ಕೂರಿಸಿ ಬೆನ್ನ ಹಿಂದೆಯೇ ನಿಂತೆ. ಚುಕ್ಕೆಗೇ ಹಿಡಿ ಎಂದರೆ ಅವನ ಕೈ ಬರುವುದಿಲ್ಲ. ಮೊದಲಿನದು ಒಂದಿಂಚು ಬಲಕ್ಕೆ ಹೋಯಿತು, ಎರಡನೆಯದು ಅರ್ಧ ಇಂಚು. ಮೂರನೆಯದು ಮನಸ್ಸು ಗಟ್ಟಿ ಮಾಡಿಕೊಂಡು ನಡುವೆ ಹೊಡೆದ.

ಅಪ್ಪನಿಗೆ ಹಾಳೆಯನ್ನು ತಂದು ತೋರಿಸಿದೆ. ತೂತುಗಳ ಮೇಲೆ ಹೆಬ್ಬೆರಳಾಡಿಸಿದ. “ಅಂಗಾದ್ರೆ ಆವತ್ ಯಾಕ್ ಎಡಕ್ ಓಯ್ತು?” ಎಂದ.

ಸಿಟ್ಟಿನಲ್ಲೂ ಒಪ್ಪಿಕೊಳ್ಳಬೇಕು, ಪ್ರಶ್ನೆ ಸರಿಯಾಗಿತ್ತು. ಆವತ್ತು ಸ್ಕೋಪು ಇರಲಿಲ್ಲ, ತುದಿಯ ಮಣಿ ನೋಡಿಕೊಂಡೇ ಅಪ್ಪ ಗುರಿ ಹಿಡಿದಿದ್ದ. ಡಬ್ಬಿಯಿಂದ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡು ಆ ಮಣಿಯ ಮೇಲೆ ಬಗ್ಗಿದೆ. ಮಣಿಯ ಬುಡದಲ್ಲಿ ಒಂದು ಗೀರು, ನಳಿಗೆಯ ಮೇಲೊಂದು ಗೀರು. ತಯಾರಿಸಿದವರು ಎರಡನ್ನೂ ಒಂದೇ ಸಾಲಿಗೆ ಕೂರಿಸಿ ಕಳಿಸಿರುತ್ತಾರೆ. ಇಲ್ಲಿ ಮಣಿಯ ಗೀರು ಬಲಕ್ಕೆ ಸರಿದಿತ್ತು. ಅರ್ಧ ನೂಲಿಗೂ ಕಡಿಮೆ. ಮಣಿಯ ಎಡ ಮಗ್ಗುಲಲ್ಲಿ ಮೂರು ಸಣ್ಣ ದುಂಡು ಗುಳಿಗಳಿದ್ದವು. ಹೊಸ್ತಿಲಿಗೆ ಬಿದ್ದರೆ ಒಂದು ಜಜ್ಜಿದ ಗುರುತಾಗುತ್ತದೆ. ಒಂದೇ ಜಾಗದಲ್ಲಿ ಅಳತೆ ಮಾಡಿ ಇಟ್ಟ ಹಾಗೆ ಮೂರು ಗುಳಿ ಬೀಳುವುದಿಲ್ಲ.

“ಇದನ್ನ ಯಾರೋ ಪಂಚ್ ಇಟ್ಟು ಎಡಗಡೆಯಿಂದ ತಟ್ಟಿದಾರೆ,” ಎಂದೆ.

“ಪಂಚ್ ಎಲ್ಲಿತ್ತು ಆವಾಗ,” ಎಂದ ಅಪ್ಪ. “ಮೊಳೆ.”

ಅಣ್ಣ ಮೊಬೈಲಿನಿಂದ ತಲೆಯೆತ್ತಿದ.

“ನೀನೇ ತಟ್ಟಿದ್ದಾ ಅಪ್ಪ?”

“ಊಂ. ಅಬ್ಬಕ್ ಒಂದ್ ವಾರ ಮುಂಚೆ. ಒಂಚೂರು ಎಡಕ್ ಓಗ್ತಿತ್ತು, ಅದ್ಕೆ ಬಲಕ್ ತಟ್ದೆ. ಸರಿಯಾಗೇ ತಟ್ಟಿದ್ದೆ. ಗುಂಡ್ ಸಿಗ್ತಿರ್ಲಿಲ್ಲ, ಅಬ್ಬದ್ ದಿನಾನೇ ಒಡ್ದು ನೋಡಾನ ಅಂತ ಬಿಟ್ಟಿದ್ದೆ. ಅಷ್ಟ್ರಾಗೆ ನೀ ಬೀಳಿಸ್ದೆ.”

ಅವನ ಊರುಗೋಲನ್ನೇ ಇಸಿದುಕೊಂಡು ರೈಫಲ್ಲಿನಂತೆ ಹಿಡಿದು, ತುದಿಯಲ್ಲಿ ನನ್ನ ಹೆಬ್ಬೆರಳನ್ನು ಮಣಿಯಂತೆ ನಿಲ್ಲಿಸಿದೆ. ಹೆಬ್ಬೆರಳನ್ನು ಕೋಲಿನ ಬಲ ಅಂಚಿಗೆ ಸರಿಸಿದೆ. ಈಗ ಅದು ಚುಕ್ಕೆಯ ಮೇಲೆ ಬರಬೇಕಾದರೆ ಕೋಲನ್ನು ಯಾವ ಕಡೆ ತಿರುಗಿಸಬೇಕು? ಎಡಕ್ಕೆ. ಗುಂಡು ಎಡಕ್ಕೆ ಹೋಗುತ್ತಿದ್ದರೆ ಮಣಿಯನ್ನೂ ಎಡಕ್ಕೇ ತಟ್ಟಬೇಕು. ಅಪ್ಪ ಬಲಕ್ಕೆ ತಟ್ಟಿ, ಒಂಚೂರು ಇದ್ದದ್ದನ್ನು ಒಂದು ಕರಟ ಮಾಡಿದ್ದ. ಎರಡು ಸಲ ತೋರಿಸಿದೆ. ಎರಡನೆಯ ಸಲ ಅವನೇ ಕೋಲು ಹಿಡಿದು, ಹೆಬ್ಬೆರಳು ಸರಿಸಿ, ಒಂದು ಕಣ್ಣು ಮುಚ್ಚಿ ನೋಡಿದ.

ಈಗ ಹೇಳುತ್ತಾನೆ ಎಂದು ಕಾದೆ. ಅರವತ್ತರ ಹೆಂಗಸು, ಹನ್ನೆರಡರ ಹುಡುಗಿಯಂತೆ ಅಪ್ಪನ ಬಾಯಿ ನೋಡುತ್ತಾ ನಿಂತಿದ್ದೆ.

“ಬಿಸ್ಲು ಜಾಸ್ತಿ ಆಯ್ತು,” ಎಂದ ಅಪ್ಪ. “ಓಗಾನ ನಡೀರಿ.”

ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಅಟ್ಟೂರಿನಲ್ಲಿ ಊಟಕ್ಕೂ ನಿಲ್ಲದೆ ಆಟೋ ಹಿಡಿದು ಮನೆಗೆ ಹೋದೆ. ರೈಫಲ್ಲನ್ನು ಸ್ಟೇಷನ್ನಿಗೆ ಕೊಡುವ ಮಾತು ನಿಂತಿತು ಎಂದು ಅಣ್ಣ ಆಮೇಲೆ ಫೋನಿನಲ್ಲಿ ಹೇಳಿದ. ಅಪ್ಪ ಏನಾದರೂ ಅಂದನಾ ಎಂದು ಕೇಳಿದೆ. “ಏನೂ ಅಂದಿಲ್ಲ, ಸುಮ್ನೆ ಕೂತಿರ್ತಾನೆ, ಆಗಾಗ ಕೋಲು ಹಿಡ್ಕೊಂಡು ಒಂದು ಕಣ್ಣು ಮುಚ್ತಾನೆ,” ಎಂದ.

ಆಯುಧಪೂಜೆ ಬಂತು. ಅಣ್ಣನ ಮನೆಯಲ್ಲಿ ನೆಂಟರು ತುಂಬಿದ್ದರು. ಕಾರು, ಸ್ಕೂಟರು, ಡ್ರಿಲ್ಲಿಂಗ್ ಮೆಷಿನ್ನು ಎಲ್ಲಕ್ಕೂ ಹೂವು ಬಿದ್ದಿತ್ತು, ರೈಫಲ್ಲು ಇನ್ನೂ ಹಜಾರದ ಟೇಬಲ್ಲಿನ ಮೇಲೆಯೇ ಇತ್ತು. ನಾನು ಅಭ್ಯಾಸದಂತೆ ತಟ್ಟೆ ಹಿಡಿದು ಹಿಂದೆ ನಿಂತೆ. ಅಷ್ಟರಲ್ಲಿ ಸೋದರತ್ತೆಯ ಮಗ ಅಪ್ಪನ ಪಕ್ಕ ಕೂತು, “ಇದೇ ಅಲ್ವಾ ಮಾವ, ಇವಳು ಬೀಳ್ಸಿ ಎಡಕ್ಕೆ ಹೊಡೆಯೋ ಹಂಗಾದ ರೈಫಲ್ಲು?” ಎಂದು ಶುರು ಮಾಡಿದ. ನಗಲು ಎಲ್ಲರೂ ತಯಾರಾದರು. ಅಪ್ಪ ಗಂಟಲು ಸರಿಮಾಡಿಕೊಂಡ.

“ಇವ್ಳು ಬೀಳಿಸಿದ್ ಮ್ಯಾಲೂ ಅದಕ್ಕೇನೂ ಆಗಿಲ್ಲ ಕಣಪ್ಪ. ನೆಟ್ಟಗೇ ಒಡೀತದೆ. ಕೆಡಿಸಿದ್ದು ನಾನು.”

ಯಾರಿಗೂ ಅರ್ಥವಾಗಲಿಲ್ಲ. ಮುದುಕ ಏನೋ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ನಕ್ಕು, ಮಾತು ಬೇರೆ ಕಡೆ ಹರಿಯಿತು. ಬೀಳಿಸಿದ್ದು ಇನ್ನೂ ನಾನೇ, ಅದು ಮಾತ್ರ ಹೋಗುವಂತಿಲ್ಲ. ‘ಮ್ಯಾಲೆ’ ಹೋಗಿ ‘ಮ್ಯಾಲೂ’ ಆಯಿತು. ನಲವತ್ತೆಂಟು ವರ್ಷಕ್ಕೆ ಒಂದು ಟಿಕ್.

ಅಣ್ಣ ರೈಫಲ್ಲೆತ್ತಲು ಬಗ್ಗಿದ. ಅಪ್ಪ ಊರುಗೋಲನ್ನು ಅಡ್ಡ ಹಿಡಿದ.

“ನೀ ಬಿಡೋ. ನೀನ್ ಎತ್ಕೊಂಡ್ ಓಗಿ ದೇವ್ರ ಮುಂದೆ ಇಡವ್ವ.”

ತಟ್ಟೆಯನ್ನು ಅಣ್ಣನ ಕೈಗೆ ಕೊಟ್ಟೆ. ರೈಫಲ್ಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡೆ. ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಹಿಂದಿನಿಂದ ಅಪ್ಪ ಎಲ್ಲರಿಗೂ ಕೇಳುವಂತೆ ಕೂಗಿದ.

“ನೆಲ ಒದ್ದೆ ಇದ್ದಾತು, ನೋಡ್ಕೊಂಡ್ ನಡಿ!”

ನೆಲ ಒಣಗಿಯೇ ಇತ್ತು. ಆದರೂ ನಾನು ನೋಡಿಕೊಂಡೇ ನಡೆದೆ.